ನೆಲ್ಲು ಬಿದ್ದ ಮಷೀನಿನ ಸದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಅದೇ ಸೊಕ್ಕಿನಲ್ಲಿ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ರೆಕಾರ್ಡುಗಳ ಬಗ್ಗೆಯೂ ತೀರ್ಪು ಬರೆಯುತ್ತಿದ್ದೆ. ಬಳ್ಳಾರಿಯಿಂದ ಕುರುಗೋಡಿನ ಕಾಲೇಜಿಗೆ ಪಾಠ ಹೇಳಲು ಹೋಗುವಾಗ ಬಸ್ಸಿನಲ್ಲಿ ಒಂದು ರೆಕಾರ್ಡು, ಬರುವಾಗ ಅದೇ ಇನ್ನೊಮ್ಮೆ, ಮನೆಗೆ ಬಂದು ನೋಟುಬುಕ್ಕಿನಲ್ಲಿ ಒಂದು ಪುಟ. ಇದು ಚೆನ್ನ, ಇದು ಬರೀ ಗದ್ದಲ, ಹೀಗೆ.

ಅಪ್ಪನಿಗೆ ಮಾತ್ರ ಒಂದನ್ನೂ ಕೇಳಿಸಲು ಆಗಿರಲಿಲ್ಲ. ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ಮೂವತ್ತು ವರ್ಷ ಮಷೀನು ನಡೆಸಿದವನ ಕಿವಿ ಹೆಚ್ಚುಕಡಿಮೆ ಹೋಗಿತ್ತು. ನನ್ನನ್ನು ಓದಿಸಿದ್ದು ಆ ಮಿಲ್ಲಿನ ಸದ್ದೇ. ನನಗೆ ಇಷ್ಟವಾದ ಒಂದಾದರೂ ಸದ್ದು ಅವನಿಗೆ ಮುಟ್ಟಬೇಕು ಎಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ದೊಡ್ಡ ಸ್ಪೀಕರು ಹೊತ್ತು ಸಿರುಗುಪ್ಪಕ್ಕೆ ಹೋದೆ.

“ಡಿಗ್ರಿ ಮಾಡಿದಾಕಿ ಡಬ್ಬಿ ಹೊತ್ಕಂಡು ಬಂದಾಳ ನೋಡು,” ಅಂದಳು ಅವ್ವ. “ಕಿವಿ ಇಲ್ಲದಾತಗ ಹಾಡು ಕೇಳಸ್ತಾಳಂತ.”

ಅಪ್ಪ ಸ್ಪೀಕರನ್ನು ಸುತ್ತಿ ನೋಡಿ, ಒಳಗಿನಿಂದ ಮೊಳದುದ್ದದ ಕಟ್ಟಿಗೆ ತಂದ. ಮಿಲ್ಲಿನಲ್ಲಿ ಬೇರಿಂಗಿನ ಆರೋಗ್ಯ ನೋಡುವುದು ಹಾಗೆ: ಕಟ್ಟಿಗೆಯ ಒಂದು ತುದಿ ಮಷೀನಿಗೆ, ಇನ್ನೊಂದು ತುದಿ ಕಿವಿಯ ಹಿಂದಿನ ಎಲುಬಿಗೆ. ಸ್ಪೀಕರಿಗೂ ಹಾಗೆಯೇ ಒತ್ತಿಕೊಂಡು ಕುಳಿತ.

ಮೊದಲು ಹಾಕಿದ್ದು ಮೈದಾನ ತುಂಬ ಜನ ಕೈಯೆತ್ತಿ ಕುಣಿಯುವಂಥ ರೆಕಾರ್ಡು. ನನ್ನ ಪುಟದಲ್ಲಿ ಅದಕ್ಕೆ ಹೊಗಳಿಕೆಯೋ ಹೊಗಳಿಕೆ.

“ಖಾಲಿ ಓಡಾಕತ್ತೈತವ್ವ,” ಅಂದ ಅಪ್ಪ. “ನೆಲ್ಲು ಬಿದ್ದಿಲ್ಲ. ಖಾಲಿ ಮಷೀನಾ ಹಿಂಗ ಒದರೋದು.”

ಆ ಒಂದು ಮಾತಿನ ಮುಂದೆ ನನ್ನ ಪುಟದ ಹೊಗಳಿಕೆ ನಿಲ್ಲಲಿಲ್ಲ. ಇನ್ನು ಉಳಿದದ್ದು ನನ್ನ ಜೀವದಂಥ ರೆಕಾರ್ಡು. ಇದನ್ನೂ ಖಾಲಿ ಅಂದುಬಿಟ್ಟರೆ? ಹೆದರುತ್ತಲೇ ಹಾಕಿದೆ.

ಅಪ್ಪ ಕಟ್ಟಿಗೆಯನ್ನು ಇನ್ನಷ್ಟು ಒತ್ತಿಕೊಂಡ. ಐದಾರು ನಿಮಿಷವಾದ ಮೇಲೆ ಅದರಲ್ಲಿ ಕೆಳಗಿನ ದಪ್ಪ ಸದ್ದೆಲ್ಲ ಒಮ್ಮೆಲೇ ನಿಂತು, ತೆಳ್ಳಗಿನ ಒಂದೇ ಎಳೆ ಉಳಿಯುತ್ತದೆ. ಅಪ್ಪ ತಟ್ಟನೆ ಎದ್ದು ಸ್ವಿಚ್ಚಿಗೆ ಕೈ ಹಾಕಿದ.

“ಬಂದ್ ಮಾಡವ್ವ, ಬೆಲ್ಟು ಜಾರೇತಿ. ಮೋಟ್ರು ಬರೀ ತಿರಗಾಕತ್ತೈತಿ.”

ಅವನ ಕೈ ಹಿಡಿದು ಕೂರಿಸಿದೆ. ಕಟ್ಟಿಗೆ ಮತ್ತೆ ಎಲುಬಿಗೆ ಹೋಯಿತು. ಅಷ್ಟರಲ್ಲಿ ಆ ದಪ್ಪ ಸದ್ದು ತಿರುಗಿ ಬಂತು, ಪೂರ್ತಿ ಭಾರದೊಂದಿಗೆ. ಅಪ್ಪ ಕಣ್ಣು ಮುಚ್ಚಿದ. ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದ ಅವ್ವ ಕೈ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು.

“ಎಷ್ಟು ಮಂದಿ ನಡಸ್ತಾರ ಇದನ್ನ?” ಅಂತ ಕೇಳಿದ.

ಒಂದು ಬೆರಳು ತೋರಿಸಿ, ಕೂಗಿ ಹೇಳಿದೆ: “ಒಬ್ಬಾಕಿ. ಒಂದು ರೂಮಿನಾಗ ಕುಂತು ಮಾಡ್ಯಾಳ.”

“ಬೇಕಂತ ಬೆಲ್ಟು ಬಿಚ್ಚಿ, ಓಡೋ ಮಷೀನಿಗೆ ತಿರಗಿ ಹಾಕ್ಯಾಳ? ನಮ್ಮ ಮಿಲ್ಲಿನಾಗ ಯಾವ ಗಂಡಸಿಗೂ ಆ ಧೈರ್ಯ ಇರಲಿಲ್ಲ.”

ಆಮೇಲೆ ಕಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಕಿವಿಯ ಹಿಂದಿನ ಎಲುಬಿಗೆ ಒತ್ತಿಸಿ, ಎರಡೂ ಅಂಗೈಗಳಿಂದ ನನ್ನ ಕಿವಿ ಮುಚ್ಚಿದ. ಮೇಲಿನ ಥಳಕೆಲ್ಲ ಹೋಯಿತು. ನೂರು ಸಲ ಕೇಳಿದ ತಾಳದ ಅಡಿಯಲ್ಲಿ ಇನ್ನೊಂದು, ಬಹಳ ನಿಧಾನವಾದದ್ದು, ಯಾವುದೋ ದೊಡ್ಡ ಗಾಲಿ ತಿರುಗಿದಂತೆ ಹಲ್ಲಿನ ಬುಡದವರೆಗೂ ಬರುತ್ತಿತ್ತು. ಎರಡು ಪುಟ ಬರೆದಿದ್ದೆ ಆ ರೆಕಾರ್ಡಿನ ಮೇಲೆ. ಇದು ಅಲ್ಲಿರಲಿಲ್ಲ.

“ಇನ್ನೊಂದ್ ಸಲ ಹಾಕ್ತೀನಿ,” ಅಂದೆ.

“ಹಾಕು. ಕಟಗಿ ಕೊಡು ಇತ್ಲಾಗ,” ಅಂದ ಅಪ್ಪ. “ಈಗ ನಂದು ಪಾಳಿ.”