ಎಕ್ಸ್‌ಚೇಂಜ್ ಮೆಟ್ಟಿಲ ಮೇಲಿನ ಸಾಹೇಬ

ಹೊನ್ನಾವರ ಪೇಟೆ ಮುಗಿಯುವಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಕಟ್ಟಡವಿದೆ. ಕುಮಟೆಯ ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ನಿಲ್ದಾಣಕ್ಕೆ ಮಾಡಿನ ನೆರಳಿಲ್ಲ, ಎಕ್ಸ್‌ಚೇಂಜಿನ ಮೆಟ್ಟಿಲಿಗೆ ಇದೆ. ಬಸ್ಸು ತಪ್ಪೀತೆಂದು ಹೆದರಿ ಬಹಳ ಮೊದಲೇ ಬಂದುಬಿಡುವ ನಾನು ದಿನಾ ಬೆಳಿಗ್ಗೆ ಅಲ್ಲೇ ಕೂತಿರುತ್ತೇನೆ. ಕುಮಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವುದು ನನ್ನ ಕೆಲಸ. ಆದರೆ ಇಸ್ತ್ರಿ ಮಾಡಿದ ಅಂಗಿ, ಕಿಸೆಯ ಪೆನ್ನು, ಮೂಗಿನ ತುದಿಗೆ ಜಾರಿದ ಕನ್ನಡಕ ಕಂಡವರಿಗೆ ಯಾವುದೋ ಸರಕಾರಿ ಆಫೀಸರನಂತೆ ಕಾಣುತ್ತೇನಂತೆ. ಹೆಂಡತಿ ಹೇಳಿ ನಗುತ್ತಾಳೆ.

ಈ ಚಳಿಗಾಲದ ಒಂದು ಬೆಳಿಗ್ಗೆ, ಮಾವಿನಕುರ್ವೆಯಿಂದ ಮೀನು ಮಾರಲು ಬರುವ ಹೆಂಗಸೊಬ್ಬರು ನನ್ನ ಮುಂದೆ ಬುಟ್ಟಿ ಇಳಿಸಿದರು.

“ಸಾಹೇಬ್ರೆ, ನಮ್ಮನೆ ಫೋನು ಸತ್ತು ಸುಮಾರು ದಿವ್ಸ ಆತು. ಯಾರೂ ನೋಡೂಕೆ ಬರ್ಲಿಲ್ಲ.”

ನನ್ನ ಹಿಂದೆ ಬಾಗಿಲಿಗೆ ಬೀಗವಿತ್ತು. ಅಲ್ಲಿರುವವನು ಲೈನ್‌ಮನ್ ಒಬ್ಬನೇ. ಬೈಕಿಗೆ ಏಣಿ ಕಟ್ಟಿಕೊಂಡು ಊರೂರು ತಿರುಗುತ್ತಿರುತ್ತಾನೆ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ನಮ್ಮ ಅಂಗಡಿಯಲ್ಲಿ ನನ್ನನ್ನು ಯಾರೂ ಸಾಹೇಬ್ರೆ ಎಂದು ಕರೆದದ್ದಿಲ್ಲ.

“ಮನೆಯಲ್ಲಿ ಮೊಬೈಲ್ ಇಲ್ವಾ ಅಕ್ಕ?” ಎಂದೆ, ಗತ್ತಿನಲ್ಲಿ.

“ನಮ್ಮನೆಯವ್ರು ಗೋವೆ ಬದಿ ಬೋಟಿಗೆ ಹೋದವ್ರು. ಮೊಬೈಲ್ ಕೊಟ್ರೆ ನೀರಿಗೆ ಬೀಳ್ಸ್ತಾರೆ. ದಡಕ್ಕೆ ಬಂದಾಗ ಯಾರದ್ದಾದ್ರೂ ಇಸ್ಕೊಂಡು ಮಾಡೂದು. ಅವ್ರಿಗೆ ಬಾಯಿಪಾಠ ಇರೂದು ಮನೆ ನಂಬರ್ ಒಂದೇ. ಈಗ ಹೆಂಗಿದ್ದಾರೋ ಎಂತದೋ.”

“ನೋಡುವ,” ಎಂದೆ.

ಅವರು ಬಂಗಡೆ ಮೀನನ್ನು ಚೀಲಕ್ಕೆ ಹಾಕಿ ನನ್ನ ಊಟದ ಡಬ್ಬಿಯ ಪಕ್ಕ ಇಟ್ಟು ಹೋದರು. ಆ ಬಸ್ಸನ್ನು ಬಿಟ್ಟುಕೊಟ್ಟು, ಚೀಲ ಮನೆಗೆ ಕೊಟ್ಟುಬಂದು ಮುಂದಿನ ಬಸ್ಸು ಹತ್ತಿದೆ. ದಿನವಿಡೀ ಒಂದೇ ಚಿಂತೆ: ಇದು ಲಂಚವೇ? ಅಧಿಕಾರಿಯೇ ಅಲ್ಲದವನು ತೆಗೆದುಕೊಂಡದ್ದು ಲಂಚ ಹೇಗಾಗುತ್ತದೆ? ಲಂಚ ಅಲ್ಲವಾದರೆ ಅದಕ್ಕಿಂತ ಕೀಳಾದದ್ದೇ ಇರಬೇಕು. ಹೀಗೆಲ್ಲ ಯೋಚಿಸಿದವನು ಸಂಜೆ ಹುರಿದ ಬಂಗಡೆಯ ಮುಳ್ಳನ್ನೂ ಚೀಪಿದೆ.

ಮರುದಿನ ಅವರು ಮತ್ತೆ ಬಂದರು. “ಎಂತ ಆತು ಸಾಹೇಬ್ರೆ?”

“ಹೇಳಿದ್ದೇನೆ.”

ಯಾರಿಗೂ ಹೇಳಿರಲಿಲ್ಲ. ಅವರ ಮುಖ ಸಡಿಲವಾಯಿತು. ಬೈದಿದ್ದರೆ ನಾನು ಬಸ್ಸು ಹತ್ತುತ್ತಿದ್ದೆನೋ ಏನೋ. ಆ ಮುಖ ಕಂಡ ಮೇಲೆ ಆಗಲಿಲ್ಲ. ಜ್ವರವೆಂದು ಅಂಗಡಿಗೆ ಸುಳ್ಳು ಹೇಳಿ, ಲೈನ್‌ಮನ್ ಬರುವವರೆಗೆ ಮೆಟ್ಟಿಲ ಮೇಲೇ ಕೂತೆ. ಬಂದವನಿಗೆ ಮಾವಿನಕುರ್ವೆಯ ಫೋನಿನ ದೂರು ಒಪ್ಪಿಸಿದೆ.

“ಕಂಪ್ಲೇಂಟ್ ಯಾರು ತಕಂಡದ್ದು?” ಎಂದು ಕೇಳಿದ ಅವನು.

“ನಾನೇ.”

“ನೀವು ಇಲ್ಲಿ ಎಂತ ಆಗ್ಬೇಕು ಮಾರಾಯ್ರೆ?”

“ಬಸ್ಸಿಗೆ ಕಾಯುವವ.”

ಎಲ್ಲ ಹೇಳಿದೆ, ಮೀನಿನದೂ. ಅವನು ಏಣಿಯ ಹಗ್ಗ ಬಿಗಿಯುತ್ತ, “ಬಂಗಡೆ ಚಲೋ ಇತ್ತಾ?” ಎಂದಷ್ಟೇ ಕೇಳಿದ. ಆಮೇಲೆ ಮಾವಿನಕುರ್ವೆಗೆ ಹೋಗಿ, ಎಲ್ಲೋ ತುಂಡಾಗಿದ್ದ ತಂತಿ ಹುಡುಕಿ ಜೋಡಿಸಿಯೂ ಬಂದ.

ಕೆಲವು ದಿನ ಕಳೆದು ಆ ಹೆಂಗಸು ಮತ್ತೆ ಬಂದಾಗ ಲೈನ್‌ಮನ್ ಬೀಗ ತೆಗೆಯುತ್ತಿದ್ದ. ಅವನನ್ನು ದಾಟಿ ಬಂದು ನನ್ನ ಮುಂದೆ ಚೀಲ ಹಿಡಿದರು.

“ನಿನ್ನೆ ಫೋನ್ ಬಂತು ಸಾಹೇಬ್ರೆ. ಅರಾಮಿದ್ದಾರಂತೆ.”

“ತಕಳಿ ಸಾಹೇಬ್ರೆ,” ಎಂದ ಲೈನ್‌ಮನ್, ನಗು ತಡೆದುಕೊಂಡು.

ಈ ಸಲ ಹೇಳಿಯೇ ಬಿಟ್ಟೆ. “ಅಕ್ಕ, ನಾನು ಸಾಹೇಬ ಅಲ್ಲ. ಎಕ್ಸ್‌ಚೇಂಜಿಗೂ ನನಗೂ ಸಂಬಂಧವಿಲ್ಲ. ಮೀನು ಇವನಿಗೆ ಕೊಡಿ, ಸರಿ ಮಾಡಿದ್ದು ಇವನು.”

ಅವರು ನನ್ನನ್ನು ನೋಡಿದರು, ಲೈನ್‌ಮನ್‌ನನ್ನು ನೋಡಿದರು. ಚೀಲ ಅವನ ಕೈಗೆ ಹೋಯಿತು.

“ಕಂಡ್ಯಾ? ಕೈಕೆಳಗಿನವ್ರಿಗೆ ಕೊಡ್ಸಿ ತಾವು ಮುಟ್ಟೂದಿಲ್ಲ,” ಎಂದು ಅವನಿಗೇ ಹೇಳಿದರು. “ಇಂಥ ಸಾಹೇಬ್ರು ಈಗ ಎಲ್ಲಿದ್ದಾರೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿ ತಲೆಗೇರಿಸಿದ್ದರು. “ನಿಮ್ಮ ಸುದ್ದಿ ನಮ್ಮನೆಯವ್ರಿಗೂ ಹೇಳಿದೆ. ಮಳೆಗಾಲಕ್ಕೆ ಬೋಟು ನಿಂತ ಮೇಲೆ ನಿಮ್ಮನ್ನ ಕಾಣೂಕೆ ಇಲ್ಲಿಗೇ ಬರ್ತಾರಂತೆ.”

ಈಗ ರಸ್ತೆಯ ಆಚೆ ಬದಿ, ಬಿಸಿಲಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತೇನೆ. ಲೈನ್‌ಮನ್ ಹೋಗುವಾಗ ಬರುವಾಗ ಹಾರ್ನ್ ಹೊಡೆದು ಸಲಾಂ ಮಾಡುತ್ತಾನೆ. ಮಳೆಗಾಲ ಹತ್ತಿರ ಬಂದಿದೆ. ಆ ಮನುಷ್ಯನಿಗೆ ಏನು ಹೇಳಬೇಕೆಂದು ದಿನಾ ಅಭ್ಯಾಸ ಮಾಡುತ್ತೇನೆ. ‘ನಾನು ಸಾಹೇಬ ಅಲ್ಲ’ ಎಂದು ಮಾತ್ರ ಹೇಳುವಂತಿಲ್ಲ, ಅದನ್ನು ಒಮ್ಮೆ ಹೇಳಿ ನೋಡಿಯಾಗಿದೆ.