ಎದುರುಮನೆ ಅತ್ತೆಯ ಹೊಟ್ಟೆಯ ಚೀಲ

ಕಳೆದ ತಿಂಗಳು ರಾಯಚೂರಿನಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಬೆಲ್ಲ ಬಿದ್ದ ಕೂಡಲೇ ಏಳುವ ಆ ವಾಸನೆ, ಅದರ ಹಿಂದೆಯೇ ಹುರಿದ ಗಸಗಸೆಯದು, ಏಲಕ್ಕಿಯದು... ಉಡುಗೊರೆಯ ಪೊಟ್ಟಣ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. “ಯಾಕ್ರಿ ಟೀಚರ್, ಒಳಗ ಬರ್ರಿ” ಎಂದು ಯಾರೋ ಕರೆದರು. ನನ್ನ ಮನಸ್ಸು ಆಗಲೇ ಮಾನ್ವಿಗೆ, ನಮ್ಮ ಓಣಿಗೆ ಹೋಗಿಬಿಟ್ಟಿತ್ತು.

ಅತ್ತೆ ನಮ್ಮ ಎದುರುಮನೆಯವರು, ಅಕ್ಕಿ ಗಿರಣಿಯ ಮನೆತನ. ನನಗೆ ಸಂಬಂಧವೇನೂ ಇರಲಿಲ್ಲ. ಓಣಿಗೆಲ್ಲ ಅತ್ತೆ, ಹಾಗಾಗಿ ನನಗೂ ಅತ್ತೆ. ದಿನಾ ಬೆಳಿಗ್ಗೆ ಕೊರಳಲ್ಲಿದ್ದ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮುಗಿಸದೆ ಒಂದು ಗುಟುಕು ನೀರೂ ಕುಡಿದವರಲ್ಲ. ಮಠದಲ್ಲಿ ಅಮಾವಾಸ್ಯೆಯ ದಾಸೋಹಕ್ಕೆ ಹುಗ್ಗಿ ಅವರ ಕೈಯದೇ ಆಗಬೇಕು, ಬೇರೆಯವರು ಸೌಟು ಮುಟ್ಟುವಂತಿಲ್ಲ. ಬಾಯಿಯಂತೂ ವಿಪರೀತ ಜೋರು. ನಾನು ಮಾಡಿದ ಚಹಾ ಕುಡಿದಾಗಲೆಲ್ಲ ಮುಖ ಕಿವುಚಿ, “ನಿಮ್ಮ ಸಾಲ್ಯಾಗ ಇದನ್ನೇ ಕುಡಸವ್ವಾ, ಒಂದು ಹುಡುಗನೂ ಗದ್ದಲ ಮಾಡಂಗಿಲ್ಲ” ಅನ್ನುತ್ತಿದ್ದರು. ಆದರೂ ದಿನಾ ಸಂಜೆ ಅದೇ ಚಹಾಕ್ಕೆ ಬರುತ್ತಿದ್ದರು.

ಸಂಡಾಸಿಗೆ ಕುಳಿತಾಗ ರಕ್ತ ಬೀಳಲು ಶುರುವಾದಾಗ ಅವರು ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿದರು. ದೇವದುರ್ಗದ ಕಡೆಯ ಸಂಬಂಧಿಕರು ಕೊಟ್ಟ ಯಾವುದೋ ಬೇರನ್ನು ಮಜ್ಜಿಗೆಯಲ್ಲಿ ಅರೆದು ತಿಂಗಳುಗಟ್ಟಲೆ ಕುಡಿದರು. ಮೈ ಇಳಿದು, ಕುಪ್ಪಸ ಸಡಿಲಾಗಿ, ಸೊಸೆ ಗದರಿಸಿದ ಮೇಲಷ್ಟೇ ವಿಷಯ ಹೊರಬಿತ್ತು. ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡುವ ಮಗನಿಗೆ ಡಾಕ್ಟರ ಮುಂದೆ ಅವ್ವನ ಇಂಥ ತೊಂದರೆ ಹೇಳಲು ನಾಲಗೆಯೇ ಏಳಲೊಲ್ಲದು. ಅದಕ್ಕೇ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ರಾಯಚೂರಿಗೆ ಹೊರಟರು.

ಡಾಕ್ಟರು ಬೆರಳಿಟ್ಟು ಪರೀಕ್ಷೆ ಮಾಡಿದವರೇ ಇದು ಮೂಲವ್ಯಾಧಿಯಲ್ಲ ಎಂದರು. ಆಮೇಲೆ ಒಳಗೆ ಕೊಳವೆ ಹಾಕಿ ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಆಯಿತು. ದೊಡ್ಡ ಕರುಳಿನ ತೀರಾ ಕೊನೆಯಲ್ಲಿ ಕ್ಯಾನ್ಸರ್ ಆಗಿತ್ತು. ಡಾಕ್ಟರು ಚಿತ್ರ ಬರೆದು ಬಿಡಿಸಿ ಹೇಳಿದರು. ಮೊದಲು ಗುಳಿಗೆಯ ಜೊತೆಗೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದು. ಕೆಲವರಿಗೆ ಅದು ಪೂರ್ತಿ ಕರಗುತ್ತದೆ, ಆಗ ಆಪರೇಷನ್ ಮಾಡದೆ ಆಗಾಗ ಪರೀಕ್ಷಿಸುತ್ತ ಕಾಯಬಹುದು. ಕರಗದಿದ್ದರೆ ಕತ್ತರಿಸಲೇಬೇಕು. ಗಡ್ಡೆ ಇನ್ನಷ್ಟು ಮೇಲಿದ್ದಿದ್ದರೆ ಕತ್ತರಿಸಿ ಮತ್ತೆ ಜೋಡಿಸಬಹುದಿತ್ತು. ಇದು ಇಷ್ಟು ಕೆಳಗಿರುವುದರಿಂದ ಗುದದ್ವಾರವನ್ನೇ ತೆಗೆದು, ಹೊಟ್ಟೆಯ ಎಡಗಡೆ ಕರುಳಿನ ಬಾಯಿ ಮಾಡಿ, ಅಲ್ಲಿ ಒಂದು ಚೀಲ ಅಂಟಿಸಬೇಕು. ಮಲ ಅದರೊಳಗೇ ಬರುತ್ತದೆ. ಬದುಕಿರುವವರೆಗೂ ಹಾಗೆಯೇ.

ಮಾನ್ವಿಗೆ ಬಂದು ಮನೆಯ ಮುಂದೆ ಇಳಿದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು, “ಹೊಟ್ಟಿ ಮ್ಯಾಲ ಅದನ್ನ ಕಟಗೊಂಡು ಎದಿ ಮ್ಯಾಲ ಲಿಂಗ ಹ್ಯಾಂಗ ಕಟಗೊಳ್ಳಲವ್ವಾ? ನನ್ನ ಕೈ ಹುಗ್ಗಿ ಯಾರು ಉಣ್ತಾರ?” ಎಂದರು. ಸಾಯುವ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಕರೆಂಟಿನ ದಿನಗಳು ಕಷ್ಟದವು. ಚರ್ಮ ಸುಟ್ಟಂತಾಗಿ ಕೂರಲಾಗುತ್ತಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಕೊಂಡೇ ಹೋಗಿ ಬರುತ್ತಿದ್ದರು. ಕರಗಿಬಿಡುತ್ತದೆ ಎಂದು ಅವರೂ ನಂಬಿದ್ದರು, ನಾನಂತೂ ಅವರಿಗಿಂತ ಹೆಚ್ಚು ನಂಬಿದ್ದೆ. ಆಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು, ಹೋಗಿರಲಿಲ್ಲ. ಈಗ ತೆಗೆದರೆ ಗುಣವಾಗುವ ಭರವಸೆ ಚೆನ್ನಾಗಿದೆ, ತಡ ಮಾಡಿದರೆ ಅದು ಕಾಯುವುದಿಲ್ಲ ಎಂದರು ಡಾಕ್ಟರು. ಅತ್ತೆ ಒಂದೇ ಮಾತಿನಲ್ಲಿ “ಬ್ಯಾಡ್ರಿ” ಎಂದುಬಿಟ್ಟರು.

ಡಾಕ್ಟರು ವಾದಕ್ಕೆ ಹೋಗಲಿಲ್ಲ. ಹೊರಗೆ ತಪಾಸಣೆಗೆ ಬಂದು ಕುಳಿತಿದ್ದ ಚೀಕಲಪರ್ವಿಯ ಮುದುಕರೊಬ್ಬರ ಪಕ್ಕದಲ್ಲಿ ಅತ್ತೆಯನ್ನು ಕೂರಿಸಿದರು. ಮುದುಕರು ಕುರಿಗಳ ಸುದ್ದಿ, ಹೊಳೆಯ ನೀರಿನ ಸುದ್ದಿ, ಸೊಸೆಯ ಜಗಳದ ಸುದ್ದಿ ಎಲ್ಲ ಹೇಳಿದರು. ಅತ್ತೆಯೂ ತಮ್ಮ ಪಾಲಿನದು ಸೇರಿಸಿದರು. ಕೊನೆಗೆ ಮುದುಕರು, “ಇಷ್ಟೊತ್ತು ನಿಮ್ಮ ಮಗ್ಗಲದಾಗ ಕುಂತೀನಲ್ರಿ ಯವ್ವಾ, ನನಗೂ ಅದೇ ಚೀಲ ಅದ. ವಾಸನಿ ಬಂತೇನ್ರಿ?” ಎಂದರು. ಅತ್ತೆ ಅವರ ಅಂಗಿಯನ್ನೇ ನೋಡುತ್ತ ಕುಳಿತರು. ವಾಸನೆಯ ಹೆದರಿಕೆ ಅಲ್ಲಿಗೆ ಹೋಯಿತು, ಲಿಂಗದ್ದು ಹೋಗಲಿಲ್ಲ.

ಎಷ್ಟು ಹೇಳಿದರೂ ಕೇಳಲಿಲ್ಲ. ಮಗ ಅತ್ತ, ಸೊಸೆ ಊಟ ಬಿಟ್ಟಳು, ನಾನು ಜಗಳವನ್ನೇ ಆಡಿದೆ. ಹೀಗೇ ದಿನಗಳು ಹೋದವು... ಒಂದು ಬೆಳಿಗ್ಗೆ ಎದುರಿನಿಂದ ಕೂಗು ಕೇಳಿ ಓಡಿದೆ. ಅತ್ತೆಯ ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಇನ್ನೂ ಲಿಂಗ ಹಾಗೇ ಇತ್ತು. “ಇಲ್ಲಿ ಕೇಳವ್ವಾ. ಹುಟ್ಟಿದಾಗಿಂದ ಅದನ್ನ ಹೊಟ್ಟ್ಯಾಗ ಇಟಗೊಂಡೇ ಪೂಜಿ ಮಾಡೀನಲ್ಲ. ಒಳಗಿದ್ದಾಗ ಬ್ಯಾಡ ಅನಲಾರದ ಶಿವ ಹೊರಗ ಬಂದ್ರ ಅಂತಾನೇನು? ಮಠದ ಸ್ವಾಮಿ ಅಜ್ಜಾರೂ ಒಳಗ ಇಟಗೊಂಡೇ ಪೂಜಿಗೆ ಕುಂದ್ರತಾರ!” ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯಲಾಗಲಿಲ್ಲ. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ. ಮರುದಿನವೇ ರಾಯಚೂರಿಗೆ ಹೊರಟೆವು.

ಆಪರೇಷನ್ ಆಯಿತು. ಚೀಲ ಬದಲಿಸುವುದನ್ನು ಸೊಸೆ ಕಲಿತಳು, ನಾನು ಕಲಿತೆ, ಅತ್ತೆ ನಮ್ಮಿಬ್ಬರಿಗಿಂತ ಬೇಗ ಕಲಿತರು. ಗಾಯ ಮಾಗಿದ ಮೇಲೆ ಮಠದ ಅಡುಗೆಮನೆಗೂ ಬಂದರು. ಮೊದಲ ಸಲ ಹುಗ್ಗಿ ತಿರುವುತ್ತಿದ್ದಾಗ ಚೀಲ ಸದ್ದು ಮಾಡಿತು. ಕರುಳಿನ ಆ ಬಾಯಿ ನಮ್ಮ ಹಿಡಿತದಲ್ಲಿರುವುದಿಲ್ಲ. ಹೆಂಗಸರೆಲ್ಲ ತಟ್ಟನೆ ಪಾತ್ರೆ ಬಡಿಯಲು ಹತ್ತಿದರು, ಒಬ್ಬಳು ಕೆಮ್ಮಿದಳು. ಅತ್ತೆ ಸೌಟು ಎತ್ತಿ, “ಯಾಕ ಬಾಂಡೆ ಬಡಿಯಾಕತ್ತೀರಿ? ನಂದೇ ಅದು. ನಿಮ್ಮವು ಕದ್ದು ಬರ್ತಾವ, ನಂದು ಹೇಳಿ ಬರ್ತದ” ಎಂದರು. ಅಡುಗೆಮನೆ ನಗುವಿನಿಂದ ತುಂಬಿಹೋಯಿತು. ಅಂದು ಹುಗ್ಗಿ ತಳಕ್ಕೂ ಉಳಿಯಲಿಲ್ಲ.

ಒಳ್ಳೆಯ ವರ್ಷಗಳು ಕೆಲವು ಸಿಕ್ಕವು. ಆಮೇಲೆ ಕ್ಯಾನ್ಸರ್ ಯಕೃತ್ತಿನಲ್ಲಿ ಕಾಣಿಸಿಕೊಂಡಿತು, ಅಲ್ಲಲ್ಲಿ ಹರಡಿದ್ದರಿಂದ ಕತ್ತರಿಸುವಂತಿರಲಿಲ್ಲ. ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರೆ ಸ್ವಲ್ಪ ಕಾಲ ತಡೆಹಿಡಿಯಬಹುದು, ಗುಣ ಮಾಡಲಾಗದು ಎಂದರು ಡಾಕ್ಟರು. ತೆಗೆದುಕೊಂಡರು. ಆ ಔಷಧಿಗೆ ನಮ್ಮೂರಿನ ಬಿಸಿಲಿನಲ್ಲೂ ತಣ್ಣೀರು ಮುಟ್ಟಿದರೆ ಕೈಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು, ಬರಬರುತ್ತ ಬೆರಳು ಜೋಮು ಹಿಡಿದವು. ಅಂಗೈಯಲ್ಲಿ ಲಿಂಗ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದ ದಿನ, “ಇನ್ನ ಸಾಕ್ರಿ” ಎಂದು ಡಾಕ್ಟರಿಗೆ ತಾವೇ ಹೇಳಿದರು. ಯಾರೂ ಒತ್ತಾಯಿಸಲಿಲ್ಲ.

ಈ ಚಳಿಗಾಲದಲ್ಲಿ ಹೋದರು. ಸಮಾಧಿಗೆ ಒಯ್ಯುವ ಮುಂಚೆ ಮೈತೊಳೆದು, ಕೂರಿಸಿ, ಕೈಯಲ್ಲಿ ಲಿಂಗ ಕೊಡುವುದು ಪದ್ಧತಿ. ಮಲ್ಲಟದಿಂದ ಬಂದಿದ್ದ ಹಿರಿಯ ನಂಟರೊಬ್ಬರು ಚೀಲವನ್ನು ನೋಡಿ, “ಅದನ್ನ ಕಿತ್ತು ಒಗೀರಿ, ಕೈಯಾಗ ಲಿಂಗ ಕೊಡೋದದ” ಎಂದರು. ಸೊಸೆ ತಲೆ ಎತ್ತಲಿಲ್ಲ. “ಇಲ್ರಿ. ಹೊಸಾದು ಹಚ್ಚಿ ಕಳಸ್ರಿ ಅಂತ ಅತ್ತಿ ಹೇಳ್ಯಾರ” ಎಂದಳು. ನಾವಿಬ್ಬರೂ ಬಿಸಿನೀರಿನಿಂದ ಒರೆಸಿ, ಒಣಗಿಸಿ, ಹೊಸ ಚೀಲ ಅಂಟಿಸಿದೆವು. ಮೇಲೆ ಹೊಸ ಸೀರೆ ಉಡಿಸಿದೆವು. ಎಡ ಅಂಗೈಯಲ್ಲಿ ಲಿಂಗವಿಟ್ಟಾಗ ನನಗೆ ದುಃಖ ಒತ್ತರಿಸಿ ಬಂದರೂ, ಎಲ್ಲೋ ಒಂದು ಕಡೆ ಹೆಮ್ಮೆಯೂ ಆಯಿತು.

ಉಳಿದ ಚೀಲಗಳನ್ನು ಆಸ್ಪತ್ರೆಗೆ ಕೊಡಲು ಹೋದ ವಾರ ರಾಯಚೂರಿಗೆ ಹೋಗಿದ್ದೆ. ನರ್ಸು ನನ್ನನ್ನು ದೇವದುರ್ಗದ ಹೆಣ್ಣುಮಗಳೊಬ್ಬಳ ಮಂಚದ ಹತ್ತಿರ ಕರೆದೊಯ್ದಳು. ಅವಳಿಗೂ ಅದೇ ಆಪರೇಷನ್ ಆಗಬೇಕಿತ್ತು, ಒಪ್ಪಿರಲಿಲ್ಲ. ನಾನು ಅತ್ತೆಯ ಚೀಲದ ಸುದ್ದಿ ತೆಗೆದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಇದನ್ನ ಹಚಗೊಂಡ ಮ್ಯಾಲ ಅವರನ್ನ ಅಡಗಿ ಮನಿಯಾಗ ಬಿಡ್ತಿದ್ರೇನ್ರಿ?” ಎಂದು ಕೇಳಿದಳು. ಊರೇ ಅವರ ಕೈಯಲ್ಲಿ ಉಂಡಿದ್ದನ್ನು ಹೇಳಿದೆ. ಅವಳ ಮುಖದಲ್ಲಿ ಸ್ವಲ್ಪ ಜೀವ ಬಂತು. “ಹಂಗಾದ್ರ ಒಂದ್ಸಲ ಅವರನ್ನ ಕರಕೊಂಡು ಬರ್ರಿ ಅಕ್ಕಾರ, ಅವರ ಜೋಡಿ ಮಾತಾಡಿ ಹೂಂ ಅಂತೀನಿ” ಎಂದಳು.

ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದುದರಿಂದ ನಾನು ಅದನ್ನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಅವಳ ಕೈ ಹಿಡಿದುಕೊಂಡು, ಅತ್ತೆ ಇಲ್ಲ ಎಂಬ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.