ಮೂರು ಬೀಗಗಳಲ್ಲಿ ಒಂದೇ ಗೀರು

ಕೋವಿಡ್ ಬರುವ ಹಿಂದಿನ ವರ್ಷ. ದುಬೈನ ನೈಫ್‌ನಲ್ಲಿ ಕೀಲಿ ಮಾಡುವ ಅಂಗಡಿ ನನ್ನದು. ಓದಿದ್ದು ಏಳನೇ ಕ್ಲಾಸು. ಆದರೆ ಬೀಗದ ವಿಷಯದಲ್ಲಿ ಇಂಜಿನಿಯರುಗಳೂ ನನ್ನನ್ನೇ ಕೇಳುತ್ತಿದ್ದರು. ಜೊತೆಗೆ ಕೆಲಸಕ್ಕೆ ನಮ್ಮ ಊರ ಕಡೆಯ ಶಿರ್ವದ ಫೆಲಿಕ್ಸ್. ಹದಿನಾಲ್ಕು ವರ್ಷ ಒಂದೇ ಅಂಗಡಿ, ಎಂಟು ಮಂದಿಯ ಒಂದೇ ರೂಮು.

ಒಂದು ಬೆಳಿಗ್ಗೆ ಎರಿಕ್ ಬಂದರು. ಸ್ವೀಡನ್‌ನಲ್ಲಿ ಪೊಲೀಸ್ ಪತ್ತೇದಾರರಾಗಿ ನಿವೃತ್ತರಾದವರು, ಇಲ್ಲಿ ಕಟ್ಟಡಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ತನಿಖೆಯ ಕೆಲಸ. ಕುರ್ಚಿ ಕೊಟ್ಟರೆ, "ಬೇಡ, ಕೂತರೆ ಏಳುವುದಿಲ್ಲ" ಎಂದರು. ಮುಖದ ಸುಸ್ತು ನೋಡಿದರೆ ತಮಾಷೆ ಅನ್ನಿಸಲಿಲ್ಲ.

ಅವರು ಮೂರು ಸಿಲಿಂಡರ್‌ಗಳನ್ನು ಮೇಜಿನ ಮೇಲಿಟ್ಟರು. ಸಿಲಿಂಡರ್ ಎಂದರೆ ಬೀಗದೊಳಗೆ ಕೀಲಿ ತಿರುಗುವ ಭಾಗ. ಒಂದು ಅಲ್ ಬರ್ಷಾದ ಫ್ಲ್ಯಾಟಿನದು: ಅಲ್ಲಿ ಮನೆಯವರಿಲ್ಲದಾಗ ಯಾರೋ ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋಗಿದ್ದರು. ಇನ್ನೊಂದು ಇಂಟರ್‌ನ್ಯಾಷನಲ್ ಸಿಟಿಯದು: ಮನೆಯವರು ಬಂದಾಗ ಟಿವಿ ಇನ್ನೂ ಬಿಸಿ ಇತ್ತು. ಮೂರನೆಯದು ನೈಫ್‌ನದೇ. ಅಲ್ಲಿ ಭಟ್ಕಳದ ಅಜ್ಜಿಯೊಬ್ಬರು ಸೋಫಾದಲ್ಲಿ ಅಪರಿಚಿತನನ್ನು ಕಂಡು ಹೆದರಿ ಓಡಿ, ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಎಲ್ಲಿಯೂ ಬಾಗಿಲು ಒಡೆದಿರಲಿಲ್ಲ, ವಸ್ತು ಹೋಗಿರಲಿಲ್ಲ.

"ಮೂರಕ್ಕೂ ಸಂಬಂಧ ಇಲ್ಲ ಅನ್ನುತ್ತಾರೆ ಪೊಲೀಸರು. ನನಗೆ ನಂಬಿಕೆ ಇಲ್ಲ," ಎಂದರು.

ನಾನು ಸಿಲಿಂಡರ್ ಬಿಚ್ಚಿ ಒಳಗಿನ ಪಿನ್‌ಗಳನ್ನು ಮಸೂರದಲ್ಲಿ ನೋಡಿದೆ. ತಂತಿ ಹಾಕಿ ತೆರೆದ ಗುರುತಿಲ್ಲ, ಕೀಲಿಯಿಂದಲೇ ತೆರೆದದ್ದು. ಮೂರರ ಪಿನ್‌ಗಳ ಮೇಲೂ ಕೂದಲೆಳೆಯಷ್ಟು ಗೀರು. ಆ ಗೀರು ಯಾವುದೆಂದು ನನಗೆ ಗೊತ್ತಿತ್ತು. ನನ್ನ ಮೆಷಿನ್ನಿನ ಕಟ್ಟರ್‌ನಲ್ಲಿ ಒಂದು ಹಲ್ಲು ಮುಕ್ಕಾಗಿತ್ತು; ಅದರಲ್ಲಿ ಕೊರೆದ ಕೀಲಿ ಪಿನ್ ಮೇಲೆ ಹೀಗೇ ಗೀರುತ್ತದೆ.

ಅದನ್ನೂ ಹೇಳಲಿಲ್ಲ, ಇನ್ನೊಂದು ವಿಷಯವನ್ನೂ ಹೇಳಲಿಲ್ಲ. ನಮ್ಮ ಊರ ಕಡೆಯವರು ಡೂಪ್ಲಿಕೇಟ್ ಮಾಡಿಸಿದರೆ ಒಂದು ಹೆಚ್ಚಿಗೆ ಕೊರೆದು, ಕಟ್ಟಡದ ಹೆಸರು, ಫ್ಲ್ಯಾಟ್ ನಂಬರ್ ಬರೆದು ಅಂಗಡಿಯ ಒಳಗೆ ತೂಗುಹಾಕುತ್ತಿದ್ದೆ. ಕೀಲಿ ಕಳೆದುಕೊಂಡವರು ಬಾಗಿಲ ಹೊರಗೆ ನಿಲ್ಲಬಾರದೆಂದು. ಆ ಮೂರು ಮನೆಗಳ ಕೀಲಿಯೂ ಅಲ್ಲಿತ್ತು; ಅವು ಕೈಗೆ ಸಿಗುವುದು ನನಗೂ ಫೆಲಿಕ್ಸ್‌ಗೂ ಮಾತ್ರ. ಕಾನೂನಿಗೆ ಅದು ತಪ್ಪು. ಎಲ್ಲರೂ ಹೊಗಳುತ್ತಿದ್ದರು, ನನಗೂ ಹೆಮ್ಮೆ.

"ಸಂಜೆ ಹೇಳ್ತೇನೆ ಸಾರ್," ಎಂದೆ.

ನೈಫ್‌ನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚುತ್ತವೆ. ನಾನು ರೂಮಿನಲ್ಲಿ ಮಲಗುತ್ತಿದ್ದೆ. ಫೆಲಿಕ್ಸ್ ಚರ್ಚಿಗೆಂದು ಹೋಗುತ್ತಿದ್ದ. ಅಂದು ಶಟರ್ ಎಳೆದು, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಕರೆದು ಕೇಳಿದೆ:

"ಪೊರ್ಬುಗಳೇ, ನಿಮ್ಮ ಚರ್ಚಿನಲ್ಲಿ ಸೋಫಾ ಉಂಟಾ?"

ನಗಲು ಹೊರಟವನು ಅರ್ಧಕ್ಕೇ ನಿಂತ.

"ಏನೂ ಕದೀಲಿಲ್ಲ ಮಾರಾಯ. ಅರ್ಧ ಗಂಟೆ ಕೂತು ಬರ್ತಿದ್ದೆ."

"ಎಂಥಕ್ಕೆ?"

"ನಮಗೆ ಇಲ್ಲಿ ಮಂಚ ಮಾತ್ರ ಉಂಟು, ಮನೆ ಇಲ್ಲ. ಬಾಗಿಲ ಹತ್ರ ಮಕ್ಕಳ ಚಪ್ಪಲಿ, ಒಳಗೆ ಸಾರಿನ ಪರಿಮಳ... ಅಲ್ಲಿ ಕೂತ್ರೆ ನಾನೂ ಯಾರೋ ಒಬ್ಬ ಅಂತ ಆಗ್ತಿತ್ತು."

"ಆ ಅಜ್ಜಿ?"

"ನಾನೇ ಎತ್ತಿ ಕೂರಿಸಿದ್ದು. ಪಕ್ಕದ ಮನೆ ಬಾಗಿಲು ಬಡಿದು ಓಡಿದೆ. ಆಮೇಲೆ ನಿದ್ದೆ ಇಲ್ಲ." ಶಟರ್ ಎತ್ತುತ್ತಾ, "ಕರಿ ಎರಿಕ್ ಅವರನ್ನು. ನಿನ್ನ ಲೈಸೆನ್ಸ್ ಹೋಗುವುದು ಬೇಡ," ಎಂದ.

ಎರಿಕ್ ಬಂದ ಮೇಲೆ ಮೂವರೂ ಪೊಲೀಸ್ ಠಾಣೆಗೆ ಹೋದೆವು. ಕೀಲಿ ಎಲ್ಲಿಂದ ಬಂತು ಎಂದು ಅಧಿಕಾರಿ ಕೇಳಿದಾಗ ಫೆಲಿಕ್ಸ್, "ನಾನೇ ಕದ್ದು ಕೊರೆದಿಟ್ಟದ್ದು. ಇವನಿಗೆ ಗೊತ್ತಿಲ್ಲ," ಎಂದ. ಎರಿಕ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಹೊರಗೆ ಕಾರಿನ ಬಳಿ ಅವರು ಅಂದದ್ದು ಇಷ್ಟೇ: "ತಪ್ಪು ಮಾಡಿದವರಿಂದ ನನಗೆ ಇಷ್ಟು ಸುಸ್ತಾಗಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತವರಿಂದ ಆಗಿದೆ."

ಫೆಲಿಕ್ಸ್ ಕೆಲವು ತಿಂಗಳು ಜೈಲಿನಲ್ಲಿದ್ದ. ಆಮೇಲೆ ಊರಿಗೆ ಕಳಿಸಿದರು. ಮತ್ತೆ ಈ ದೇಶಕ್ಕೆ ಬರುವಂತಿಲ್ಲ. ಅಜ್ಜಿ ಕೋಲು ಹಿಡಿದು ನಡೆಯುವಂತಾದರು. ನನ್ನ ಅಂಗಡಿಗೆ ಏನೂ ಆಗಲಿಲ್ಲ.

ಅವನಿಗೆ ಫೋನ್ ಮಾಡಿದರೆ ಎತ್ತುತ್ತಾನೆ. ಹೇಗುಂಟು ಎಂದು ಅವನೇ ಕೇಳುತ್ತಾನೆ, ಬೈಯುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಸುಬು ನನಗೆ ಕಲಿಸಿದ್ದು ಇದು: ಹೊಗಳಿಕೆ ಬರುವಾಗ ಕೆಲಸ ನನ್ನದು ಎಂದವನು, ಅದರಿಂದ ಕೇಡಾದಾಗಲೂ ನನ್ನದೇ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಬೇಕಾದ ದಿನ ನಾನು ಹೇಳಲಿಲ್ಲ.